ಕೋಟೆಗೆ ಒರಗಿದ್ದ ಮನೆ

ಹುಳಿ ಬಂದ ಮಣ್ಣಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ, ನನಗೆ ತಿಳಿಯದು. ಕೆಮ್ಮಣ್ಣಿಗೆ ರಾಗಿಹುಲ್ಲು ಕೊಚ್ಚಿ ಹಾಕಿ, ನೀರು ಬಿಟ್ಟು, ಕಾಲಲ್ಲಿ ತುಳಿದು, ಮೇಲೆ ಹಸಿ ಗೋಣಿಚೀಲ ಹೊದಿಸಿ ಎಂಟು ಹತ್ತು ದಿನ ಬಿಡಬೇಕು. ಮೊದಲು ಕೊಟ್ಟಿಗೆಯ ನಾತ ಬರುತ್ತದೆ, ಮೂಗು ಮುಚ್ಚಿಕೊಳ್ಳುವಷ್ಟು. ಆಮೇಲೆ ಅದೇ ನಾತ ತಿರುಗಿ ದೋಸೆಹಿಟ್ಟಿನ ಹಾಗೆ ಒಂದು ಹದವಾದ ಹುಳಿವಾಸನೆಯಾಗುತ್ತದೆ. ಆಗ ಮಣ್ಣು ಗೋಡೆಗೆ ಅಂಟುತ್ತದೆ, ಬಿರುಕು ಬಿಡುವುದಿಲ್ಲ. ಹೋದ ವರ್ಷ ಮಳೆಗಾಲದ ಕೊನೆಗೆ ಸ್ಕಂದಗಿರಿಯ ಬುಡದ ಒಂದು ಹೋಂಸ್ಟೇಯಲ್ಲಿ ನಮ್ಮ ಶಾಲೆಯ ಟೀಚರೊಬ್ಬರ ಮೊಮ್ಮಗಳ ನಾಮಕರಣವಿತ್ತು. ಎಲೆಯ ಮುಂದೆ ಕೂತಿದ್ದೆ, ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಿತ್ತು, ಆ ವಾಸನೆ ಬಂತು. ಪೇಟೆಯಿಂದ ಬೆಟ್ಟ ಹತ್ತಲು ಬರುವವರಿಗೆ ಹಳ್ಳಿ ತೋರಿಸಬೇಕಲ್ಲ, ಅದಕ್ಕೆ ಹಿತ್ತಲಲ್ಲಿ ಹೊಸದಾಗಿ ಒಂದು ಹಳೇ ಗೋಡೆ ಕಟ್ಟಿಸುತ್ತಿದ್ದರು. ಗುಂಡಿಯಲ್ಲಿ ಇಬ್ಬರು ಹೆಂಗಸರು ಮಣ್ಣು ತುಳಿಯುತ್ತಿದ್ದರು. ನಾನು ಎಲೆ ಬಿಟ್ಟೆದ್ದು ಎಂಜಲು ಕೈಯಲ್ಲೇ ಹೋಗಿ ಆ ಗುಂಡಿಯ ಅಂಚಿಗೆ ನಿಂತೆ. ರೇಷ್ಮೆ ಸೀರೆ ಉಟ್ಟ, ನಿವೃತ್ತಿಗೆ ಒಂದೇ ವರ್ಷ ಬಾಕಿಯಿರುವ ಸಮಾಜ ವಿಜ್ಞಾನದ ಮೇಡಂ ಮಣ್ಣಿನ ಗುಂಡಿ ನೋಡಿ ಗೊಳೋ ಎಂದು ಅತ್ತರೆ ಜನ ಏನೆಂದುಕೊಳ್ಳಬೇಕು? ಶುಗರ್ ಏರಿದೆ ಅಂದುಕೊಂಡರು. ಕುರ್ಚಿ ತಂದು ಕೂರಿಸಿ ನೀರು ಕೊಟ್ಟರು. ಅಂದುಕೊಂಡರೆ ಅಂದುಕೊಳ್ಳಲಿ ಅಂತ ನಾನೂ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಚಿಕ್ಕಂದಿನಿಂದಲೂ ಚೆನ್ನಾಗಿ ಬರುವ ವಿದ್ಯೆ. ಅದನ್ನೇ ಈಗ ಹೇಳಲು ಹೊರಟಿದ್ದೇನೆ.

ನಮ್ಮೂರು ಮಂಡಿಕಲ್ ಕಡೆಯದು. ಊರಿಗೊಂದು ಹೆಸರಿದೆ, ಆದರೆ ಸುತ್ತಲ ಹಳ್ಳಿಯವರು ನಮ್ಮನ್ನು ಈಗಲೂ 'ಕ್ವಾಟೆಯೋರು' ಅಂತಲೇ ಕರೆಯುತ್ತಾರೆ. ಪಾಳೇಗಾರರ ಕಾಲದ ಕೋಟೆ. ಕೆಳಗೆ ಕಲ್ಲು, ಮೇಲೆ ಮಣ್ಣು. ನಾನು ಹುಟ್ಟುವ ಹೊತ್ತಿಗೆ ಮೂರು ದಿಕ್ಕಿನ ಗೋಡೆ ಕರಗಿ ದಿಬ್ಬವಾಗಿ, ಅದರ ಮೇಲೆ ಸೀಗೆಮೆಳೆ ಬೆಳೆದಿತ್ತು. ಕಂದಕದಲ್ಲಿ ಎಮ್ಮೆ ಮೇಯುತ್ತಿದ್ದವು. ಪೂರ್ವದ ಕಡೆ ಮಾತ್ರ ಎರಡು ಬುರುಜುಗಳ ನಡುವೆ ಏಳು ಮನೆಗಳು ಸಾಲಾಗಿ ಕೋಟೆಗೆ ಬೆನ್ನು ಕೊಟ್ಟು ಕೂತಿದ್ದವು. ಅವುಗಳಲ್ಲಿ ನಡುವಿನದು ನಮ್ಮದು. ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಎಂದರೆ ಕೋಟೆಯ ಗೋಡೆಯೇ. ಒಬ್ಬ ಮನುಷ್ಯ ಕೈಕಾಲು ಚಾಚಿ ಮಲಗುವಷ್ಟು ದಪ್ಪ. ಬೇಸಿಗೆಯಲ್ಲಿ ಆ ಗೋಡೆಗೆ ಕೆನ್ನೆ ಇಟ್ಟರೆ ಮಡಕೆಗೆ ಇಟ್ಟ ಹಾಗೆ ತಣ್ಣಗಿರುತ್ತಿತ್ತು. ಆ ತಂಪಿಗೇ ನಮ್ಮ ಮನೆಯಲ್ಲಿ ರೇಷ್ಮೆಹುಳ ಚೆನ್ನಾಗಿ ಏಳುತ್ತಿದ್ದವು ಅಂತ ಅಜ್ಜಿ ಹೇಳುತ್ತಿದ್ದಳು. ಗೋಡೆಯ ನಡುವೆ, ನನ್ನ ಎದೆಮಟ್ಟಕ್ಕೆ, ಒಳಗೆ ಅಗಲ, ಹೊರಕ್ಕೆ ಹೋಗುತ್ತ ಕಿರಿದಾಗುವ ಒಂದು ಕಿಂಡಿ. ಹಿಂದೆ ಅದರಿಂದ ಬಂದೂಕು ಹೊಡೆಯುತ್ತಿದ್ದರಂತೆ. ಹೊರಗಿನ ಬಾಯಿಯನ್ನು ಯಾವ ಕಾಲಕ್ಕೋ ಮುಚ್ಚಿಬಿಟ್ಟಿದ್ದರು. ಒಳಗಡೆ ಅಜ್ಜಿ ಉಪ್ಪಿನ ಭರಣಿ ಇಡುತ್ತಿದ್ದಳು. ಯುದ್ಧಕ್ಕೆ ಕಟ್ಟಿದ ಕೋಟೆ ಕೊನೆಗೆ ಉಪ್ಪು ಕಾಯುವ ಕೆಲಸಕ್ಕೆ ಬಿದ್ದಿತ್ತು.

ಯುಗಾದಿ ಕಳೆದು ಮುಂಗಾರು ಹಿಡಿಯುವುದರೊಳಗೆ ಏಳು ಮನೆಯವರೂ ಸೇರಿ ಗೋಡೆಗೆ ಮಣ್ಣು ಮೆತ್ತುತ್ತಿದ್ದರು. ಯಾರ ಮನೆಯ ಬೆನ್ನಿಗೆ ಎಷ್ಟು ಗೋಡೆ ಬರುತ್ತದೋ ಅಷ್ಟು ಅವರ ಪಾಲು. ಗಂಡಸರು ಮಣ್ಣು ತುಳಿದು ಹದ ಮಾಡಿದರೆ ಹೆಂಗಸರು ಬರಿಗೈಯಲ್ಲಿ ಮೆತ್ತುತ್ತಿದ್ದರು. ಕರಣೆ ಮುಟ್ಟಿಸುವಂತಿಲ್ಲ, ಅಂಗೈಯಲ್ಲೇ ತಟ್ಟಿ ಸವರಬೇಕು. ಒಣಗಿದ ಮೇಲೆ ಸಗಣಿ ಸಾರಿಸಿ, ಅದರ ಮೇಲೆ ಸುಣ್ಣ. ಹೀಗೆ ತಲೆಮಾರುಗಟ್ಟಲೆ ಮೆತ್ತಿ, ಸುಣ್ಣ ಹೊಡೆದು, ಮೇಲೆ ಹೆಂಚಿನ ಸೂರು ಇಳಿಬಿಟ್ಟು, ಹೊರಗಿನಿಂದ ನೋಡಿದವರಿಗೆ ಅದು ಕೋಟೆ ಅಂತ ಅನ್ನಿಸುತ್ತಲೇ ಇರಲಿಲ್ಲ. ಯಾವುದೋ ಬಡವರ ಮನೆಗಳ ಹಿಂಗೋಡೆ, ಅಷ್ಟೇ. ಪೂರ್ವದ ಕಡೆ ಕೋಟೆ ಪೂರ್ತಿ ಬಿದ್ದುಹೋಗಿದೆ ಎಂದೇ ಹೊರಗಿನವರೆಲ್ಲ ತಿಳಿದಿದ್ದರು. ನಿಜದಲ್ಲಿ ನೆಟ್ಟಗೆ ನಿಂತಿದ್ದ ಗೋಡೆ ಅದೊಂದೇ.

ಇದನ್ನೆಲ್ಲ ನನಗೆ ಹೇಳಿಕೊಟ್ಟವನು ನಮ್ಮ ತಾತ ಪಿಳ್ಳಪ್ಪ. ಒಂದಿಂಚು ಮೀಸೆ, ಒಂದು ಮಾರು ಮಾತು. ಅಜ್ಜಿ ಅವನನ್ನು 'ಕ್ವಾಟೆ ದೊರೆ' ಅಂತ ಛೇಡಿಸುತ್ತಿದ್ದಳು. ಊರಿಗೆ ಬಳೆ ಮಾರುವವನು ಬಂದರೂ ಸರಿ, ಹುಳಕ್ಕೆ ಸೊಪ್ಪು ಕೇಳಿಕೊಂಡು ಬಂದವನಾದರೂ ಸರಿ, ಅವನನ್ನು ಜಗಲಿ ಮೇಲೆ ಕೂರಿಸಿಕೊಂಡು ಕೋಟೆಯ ಚರಿತ್ರೆ ಒಪ್ಪಿಸದೆ ಬಿಡುತ್ತಿರಲಿಲ್ಲ. ಪಾಳೇಗಾರ ಕೋಟೆ ಕಟ್ಟಿಸುವಾಗ ಪೂರ್ವದ ಗೋಡೆ ಮೂರು ಸಲ ಕುಸಿಯಿತಂತೆ. ಬಲಿ ಕೊಡಬೇಕು ಅಂತ ಯಾರೋ ಹೇಳಿದರಂತೆ. ಆಗ ಒಬ್ಬಳು ಮುದುಕಿ, ಬಲಿಯೂ ಬೇಡ ಗಿಲಿಯೂ ಬೇಡ, ಮನುಷ್ಯರ ಉಸಿರು ತಾಗದ ಗೋಡೆ ನಿಲ್ಲುವುದಿಲ್ಲ, ಸಂಸಾರ ತಂದು ಇಡು ಅಂದಳಂತೆ. ಏಳು ಸಂಸಾರ ತಂದಿಟ್ಟರಂತೆ, ಗೋಡೆ ನಿಂತಿತಂತೆ. ಕಂದಕದ ನೀರು ಆ ಕಾಲದಲ್ಲಿ ಸಮುದ್ರ ಇದ್ದಂಗಿತ್ತು ಅಂತಲೂ ಸೇರಿಸುತ್ತಿದ್ದ. ಚಿಂತಾಮಣಿ ದಾಟಿ ಆಚೆ ಹೋಗದ ಮನುಷ್ಯ, ಸಮುದ್ರ ಎಲ್ಲಿ ನೋಡಿದ್ದನೋ! ಕಥೆ ಮುಗಿಸುವಾಗ ನನ್ನ ತಲೆ ಮೇಲೆ ಕೈಯಿಟ್ಟು ಒಂದೇ ಮಾತು ಹೇಳುತ್ತಿದ್ದ: "ಗೋಡೆ ನಮ್ದಲ್ಲ ಕಣಮ್ಮಯ್ಯ. ನಾವು ಗೋಡೆಯೋರು."

ನನಗೆ ಎಂಟು ವರ್ಷವಾಗಿದ್ದಾಗ ಹೊರಗಿನವರು ಟ್ರ್ಯಾಕ್ಟರ್ ತಂದು ಕೋಟೆಯ ದಿಬ್ಬಗಳನ್ನು ಅಗೆದು ಒಯ್ಯತೊಡಗಿದರು. ಹಾಳುಮಣ್ಣು ಹೊಲಕ್ಕೆ ಒಳ್ಳೇ ಗೊಬ್ಬರ ಅಂತ ಮಣ್ಣು ಒಂದು ಕಡೆ ಹೋಯಿತು, ಅಡಿಪಾಯಕ್ಕೆ ಆಗುತ್ತದೆ ಅಂತ ಕಲ್ಲು ಇನ್ನೊಂದು ಕಡೆ ಹೋಯಿತು. ತಾತ ಅಡ್ಡ ನಿಂತು ಬೈದ, ಕೈಮುಗಿದ, ಒಂದು ದಿನ ಟ್ರ್ಯಾಕ್ಟರಿನ ಮುಂದೆ ಮಲಗಿಯೂ ಬಿಟ್ಟ. ಪ್ರಯೋಜನವಾಗಲಿಲ್ಲ. ಕೊನೆಗೆ ಶಾಲೆಯ ಮೇಷ್ಟ್ರ ಕೈಲಿ ಅರ್ಜಿ ಬರೆಸಿಕೊಂಡು, ಪಂಚೆ ಒಗೆಸಿ ಉಟ್ಟು, ಚಿಕ್ಕಬಳ್ಳಾಪುರಕ್ಕೆ ಹೋಗಿ ಆಫೀಸಿನಲ್ಲಿ ಕೊಟ್ಟು ಬಂದ. ಕೋಟೆಯನ್ನು ಸರ್ಕಾರ ಕಾಪಾಡಬೇಕು ಅಂತ. ಆಶ್ಚರ್ಯವೆಂದರೆ ಸರ್ಕಾರ ಓಗೊಟ್ಟಿತು. ವರ್ಷದೊಳಗೆ ಊರ ಬಾಗಿಲಲ್ಲಿ ನೀಲಿ ಹಲಗೆ ಎದ್ದು ನಿಂತಿತು, ಬಿಳಿ ಅಕ್ಷರದಲ್ಲಿ 'ಸಂರಕ್ಷಿತ ಸ್ಮಾರಕ' ಅಂತ. ಆ ದಿನ ತಾತ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಎದೆ ಹಿಂಡುತ್ತದೆ. ಹಲಗೆಗೆ ಅರಿಶಿನ ಕುಂಕುಮ ಇಟ್ಟ. ಹೂವು ಹಾಕಿದ. ತೆಂಗಿನಕಾಯಿ ಒಡೆದು, ಊರ ಮಕ್ಕಳಿಗೆಲ್ಲ ಹೋಳು ಹಂಚಿದ. ದೇವರು ಬಂದು ನಿಂತಿದ್ದಾನೆ ಅಂತಲೇ ಅವನ ಲೆಕ್ಕ.

ಎಡವಟ್ಟು ಗೊತ್ತಾಗಿದ್ದು ಆಮೇಲೆ. ಇಲಾಖೆಯವರು ಅಳತೆಗೆ ಬರುತ್ತಾರೆ, ಕೋಟೆಗೋಡೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಗಡಿ ಗುರುತು ಹಾಕುತ್ತಾರೆ, ಗೋಡೆಗೆ ತಗುಲಿದ ಕಟ್ಟಡ ಏನಿದ್ದರೂ ತೆರವು ಮಾಡಿಸುತ್ತಾರೆ ಅಂತ ಮೇಷ್ಟ್ರು ಬಂದು ಹೇಳಿದರು. ಪೂರ್ವದ ಕಡೆ ಕೋಟೆ ಇಲ್ಲವೇ ಇಲ್ಲ ಅಂತ ಅವರು ತಿಳಿದಿದ್ದಾರೆ, ಹಾಗೇ ತಿಳಿದುಕೊಳ್ಳಲಿ, ನೀವು ಬಾಯಿ ಬಿಡಬೇಡಿ ಅಂದರು. ತಾತ ಏಳು ಮನೆಯ ದೊಡ್ಡವರನ್ನೂ ಕರೆದು ಹಾಗೆಯೇ ಕಟ್ಟುಪಾಡು ಮಾಡಿದ. ಯಾರು ಕೇಳಿದರೂ ಇದು ನಮ್ಮ ಮನೆ ಗೋಡೆ ಅನ್ನಬೇಕು, ಕೋಟೆ ಅನ್ನಕೂಡದು. ಜೀವಮಾನವೆಲ್ಲ ಆ ಗೋಡೆಯನ್ನು ಹೊಗಳಿದ ಮನುಷ್ಯ ಒಂದು ತಿಂಗಳು ತುಟಿ ಹೊಲಿದುಕೊಂಡು ಓಡಾಡಿದ. ಇದಾವುದೂ ನನಗೆ ಆಗ ಗೊತ್ತಿರಲಿಲ್ಲ. ದೊಡ್ಡವರ ಮಾತು ದೊಡ್ಡವರಲ್ಲೇ ನಡೆಯಿತು. ಒಂಬತ್ತು ವರ್ಷದ ಹುಡುಗಿಗೆ ಯಾರು ಬಂದು ಹೇಳುತ್ತಾರೆ?

ಅಳತೆಯವರು ಬಂದ ದಿನ ಬೇಸಿಗೆ ರಜೆ. ಹಿಂದಿನ ದಿನವೇ ರೇಷ್ಮೆಗೂಡು ಬಿಡಿಸಿ ಆಗಿತ್ತು. ತಾತನೂ ಚಿಕ್ಕಪ್ಪನೂ ಗೂಡಿನ ಮೂಟೆ ಹೇರಿಕೊಂಡು ಬೆಳಗಿನ ಬಸ್ಸಿಗೇ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿದ್ದರು. ಅಪ್ಪ ಚಿಂತಾಮಣಿಯಲ್ಲಿ ಕೆಲಸಕ್ಕಿದ್ದವನು, ಭಾನುವಾರಕ್ಕೆ ಮಾತ್ರ ಬರುತ್ತಿದ್ದ. ಅಜ್ಜಿ, ಅಮ್ಮ, ಹೊಸದಾಗಿ ಮದುವೆಯಾಗಿ ಬಂದಿದ್ದ ಚಿಕ್ಕಮ್ಮ ಮೂವರೂ ಹುಳದ ತಟ್ಟೆಗಳನ್ನು ಹೊತ್ತುಕೊಂಡು ಕುಂಟೆಯ ನೀರಿನಲ್ಲಿ ತೊಳೆಯಲು ಹೋಗಿದ್ದರು. ಮನೆ ನೋಡಿಕೊಳ್ಳಲು ನಾನು. ನಾಲ್ಕು ಜನ ಬಂದರು. ಮೂವರು ಟೇಪು ಹಿಡಿದು ಬುರುಜಿನ ಕಡೆ ಹೋದರು. ಕನ್ನಡಕದ ಒಬ್ಬ ಸಾಹೇಬರು ನಮ್ಮ ಜಗಲಿ ಮೇಲೆ ಕೂತು ನೀರು ಕೇಳಿದರು. ತಣ್ಣಗಿನ ನೀರು ಕೊಟ್ಟೆ. ಮಾತಾಡಿಸಿದರು. ಎಷ್ಟನೇ ಕ್ಲಾಸು, ಹೆಸರೇನು, ಈ ಕೋಟೆ ಯಾರು ಕಟ್ಟಿಸಿದ್ದು ಗೊತ್ತಾ ಅಂತ. ಗೊತ್ತಾ? ನನ್ನನ್ನು ಕೇಳಬೇಕೇ! ತಾತ ಒಪ್ಪಿಸುವ ಹಾಗೆಯೇ, ಅವನು ಕೈ ಆಡಿಸುವ ರೀತಿಯಲ್ಲೇ ಕೈಯಾಡಿಸುತ್ತ, ಪಾಳೇಗಾರ, ಮುದುಕಿ, ಏಳು ಸಂಸಾರ, ಎಲ್ಲ ಒಪ್ಪಿಸಿದೆ. ಅವರು ನಗುತ್ತ ಕೇಳುತ್ತಿದ್ದರು. ಆ ಗೋಡೆ ಈಗಿಲ್ಲವಲ್ಲಮ್ಮ, ಬಿದ್ದುಹೋಗಿದೆ ಅಂದರು. ನನಗೆ ರೋಷ ಬಂತು. ಅವರ ಕೈ ಹಿಡಿದು ಎಬ್ಬಿಸಿ, ಹೊರಗಿನವರು ಕಾಲಿಡದ ನಮ್ಮ ಅಡುಗೆಮನೆಗೆ ಕರೆದುಕೊಂಡು ಹೋದೆ. ಉಪ್ಪಿನ ಭರಣಿ ತೆಗೆದು ಕೆಳಗಿಟ್ಟು ಕಿಂಡಿ ತೋರಿಸಿದೆ. ಅವರು ಕೈ ಒಳಗೆ ತೂರಿಸಿ ನೋಡಿದರು, ಟೇಪು ತರಿಸಿ ಅಳೆದರು. ಆಮೇಲೆ, ಜನವೆಲ್ಲ ಹೊಲಕ್ಕೋ ಕುಂಟೆಗೋ ಹೋಗಿ ಖಾಲಿಯಿದ್ದ ಉಳಿದ ಆರು ಮನೆಗಳನ್ನೂ ನಾನೇ ಮುಂದೆ ನಿಂತು ತೋರಿಸಿದೆ. ಎಲ್ಲ ಕಾಗದದಲ್ಲಿ ಬರೆದುಕೊಂಡು, ಹೊರಡುವಾಗ ನನ್ನ ಬೆನ್ನು ತಟ್ಟಿ ಹೇಳಿದರು: "ನಿನಗೆ ಚರಿತ್ರೆ ಚೆನ್ನಾಗಿ ಗೊತ್ತಮ್ಮ. ದೊಡ್ಡೋಳಾದ್ಮೇಲೆ ಅದನ್ನೇ ಓದು." ಅವರ ಮೇಲೆ ನನಗೆ ಕೋಪವಿಲ್ಲ. ಒಳ್ಳೆಯವರೇ. ಅವರು ಹೇಳಿದ್ದನ್ನೇ ಓದಿದೆ, ಅದರಿಂದಲೇ ಅನ್ನ ತಿಂದೆ.

ಸಂಜೆ ತಾತ ಬರುವುದನ್ನೇ ಕಾಯುತ್ತಿದ್ದೆ. ಹೇಗೆ ಹೇಳಬೇಕು, ಎಲ್ಲಿಂದ ಶುರುಮಾಡಬೇಕು ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಗೂಡಿಗೆ ಒಳ್ಳೇ ರೇಟು ಸಿಕ್ಕಿತ್ತು, ತಾತ ಖುಷಿಯಾಗಿ ಬಂದ, ಕೈಯಲ್ಲಿ ಬೂಂದಿಯ ಪೊಟ್ಟಣ. ಅಳತೆಯವರು ಬಂದಿದ್ದರಂತೆ ಅಂತ ದಾರಿಯಲ್ಲೇ ಯಾರೋ ಹೇಳಿದ್ದರು. ಚಪ್ಪಲಿ ಬಿಡುತ್ತಲೇ ಅಜ್ಜಿಯನ್ನು ಕೇಳಿದ, ಯಾರಾದರೂ ಏನಾದರೂ ಬಾಯಿ ಬಿಟ್ಟರಾ ಅಂತ. ನಾವು ಕುಂಟೆ ಹತ್ತಿರ ಇದ್ವಿ, ಇಲ್ಲಿ ಯಾರಿದ್ರು ಹೇಳೋಕೆ, ಮಗು ಒಂದೇ ಇತ್ತು ಅಂದಳು ಅಜ್ಜಿ. ತಾತನ ಭುಜ ಇಳಿದವು. ಒಳ್ಳೇದಾಯ್ತು ಬಿಡು, ಮನೆ ಉಳೀತು ಅಂದು ಉಸಿರುಬಿಟ್ಟು ನನ್ನ ಕೈಗೆ ಬೂಂದಿ ಕೊಟ್ಟ. ಮನೆ ಉಳೀತು ಅಂದರೆ ಏನು ಅಂತ ಅವನ ಮುಖ ನೋಡಿದಾಗಲೇ ನನಗೆ ಅರ್ಥವಾಯಿತು. ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂತ ಯಾರು ಹೇಳಿದ್ದು? ಬೂಂದಿ ಬಾಯಿಗೆ ಹಾಕಿಕೊಂಡೆ. ಹೇಳಬೇಕು ಅಂತ ಬಂದಿದ್ದ ಮಾತನ್ನು ಅದರ ಜೊತೆ ನುಂಗಿದೆ.

ನೋಟೀಸು ಬರಲು ಒಂದು ವರ್ಷ ಹಿಡಿಯಿತು. ಏಳು ಮನೆಗೂ ಬಂತು. ತಾತ ಮೇಷ್ಟ್ರನ್ನು ಜೊತೆ ಮಾಡಿಕೊಂಡು ಆಫೀಸಿಗೆ ಹೋದ. ಅಲ್ಲಿ ನಕ್ಷೆ ತೋರಿಸಿದರಂತೆ. ನಕ್ಷೆಯಲ್ಲಿ ನಮ್ಮ ಅಡುಗೆಮನೆಯ ಕಿಂಡಿಯ ಉದ್ದ ಅಗಲ ಕೂಡ ಬರೆದಿತ್ತಂತೆ. ಊಟದ ಹೊತ್ತಿಗೆ ಮನೆಗೆ ಬಂದವನು ಕೈಕಾಲು ತೊಳೆಯದೆ ನಡುಮನೆಯಲ್ಲಿ ಕುಸಿದು ಕೂತ. ಗೊತ್ತಿರೋರೇ ಯಾರೋ ತೋರಿಸಿದಾರೆ ಅಂದ. ಚಿಕ್ಕಪ್ಪ ನಾರಾಯಣಿ, ಆಗ ಇಪ್ಪತ್ತನಾಲ್ಕು ವರ್ಷದವನು. ಮದುವೆಗೆ ಅಂತ ನಮ್ಮ ಮನೆಯ ಪಕ್ಕಕ್ಕೇ ಒಂದು ಕೋಣೆ ತಾನೇ ಇಟ್ಟಿಗೆ ಹೊತ್ತು ಕಟ್ಟಿಕೊಂಡಿದ್ದ, ಅದರ ಬಾಗಿಲಿಗೆ ಬಳಿದ ಬಣ್ಣ ಇನ್ನೂ ಮಾಸಿರಲಿಲ್ಲ. ಅವನು ಎದ್ದು ನಿಂತು ತಂದೆಯ ಮುಖಕ್ಕೇ ಹೇಳಿದ: "ಯಾರೋ ಯಾಕೆ ತೋರಿಸ್ತಾರಪ್ಪಾ? ಅರ್ಜಿ ಕೊಡಕ್ಕೆ ಹೋದಾಗ ನೀನೇ ಬಡಾಯಿ ಕೊಚ್ಕೊಂಡಿರ್ತೀಯ. ನಿನ್ನ ಬಾಯಿಗೆ ಮನೆ ಹೋಯ್ತು."

ಇಲ್ಲ ಅನ್ನುತ್ತಾನೆ ಅಂತ ಎಲ್ಲರೂ ಕಾಯುತ್ತಿದ್ದೆವು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ತಾತ ನೆಲ ನೋಡಿದ. ಅವನು ಸುಳ್ಳು ಹೇಳುವವನಲ್ಲ. ಹಾಗಂತ ಯಾರ್ಯಾರ ಹತ್ತಿರ ಎಷ್ಟೆಷ್ಟು ಹೇಳಿದ್ದೇನೆ ಅಂತ ನೆನಪಿಟ್ಟುಕೊಂಡವನೂ ಅಲ್ಲ. ಅಷ್ಟು ವರ್ಷ, ಅಷ್ಟು ಜನಕ್ಕೆ ಹೇಳಿದ್ದ. ಕೊನೆಗೆ ತಲೆಯೆತ್ತದೆ ಅಂದ: "ಹೇಳಿದ್ರೂ ಹೇಳಿರ್ತೀನಪ್ಪ."

ಆ ಮಾತು ಕೇಳಿದ ಮೇಲೂ ನಾನು ಬಾಗಿಲ ಸಂದಿಯಿಂದ ಹೊರಗೆ ಬರಲಿಲ್ಲ. ಈಗ ನಾನು ಎಷ್ಟು ಬೇಕಾದರೂ ಕಾರಣ ಕೊಡಬಲ್ಲೆ. ಚಿಕ್ಕವಳು, ಹೆದರಿದ್ದೆ, ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲವೂ ನಿಜ. ಆದರೆ ಇನ್ನೊಂದು ನಿಜವೂ ಇದೆ, ಅದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ತಾತ ಒಪ್ಪಿಕೊಂಡಾಗ ನನಗೆ ಸಮಾಧಾನವಾಯಿತು. ಇನ್ನು ಯಾರೂ ನನ್ನನ್ನು ಕೇಳುವುದಿಲ್ಲ ಅಂತ ಹಾಯೆನಿಸಿತು. ಆ ಹಾಯೆನಿಸಿದ್ದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಏಳು ಮನೆಯವರೂ ತಮ್ಮ ತಮ್ಮ ಸೂರನ್ನು ತಾವೇ ಇಳಿಸಿದರು. ಹೆಂಚು, ತೊಲೆ, ಬಾಗಿಲು ಎಲ್ಲ ಬಿಚ್ಚಿ ಗಾಡಿಗೆ ಹೇರಿದರು. ರಸ್ತೆಯ ಆಚೆ ಸೈಟು ಕೊಟ್ಟಿದ್ದರು, ಗಟ್ಟಿ ಮಣ್ಣಿನ ಬೋಳು ಜಾಗ. ಪಕ್ಕದ ಮನೆಯ ಮುನೆಕ್ಕ, ಮನೆಮಾತು ತೆಲುಗಿನವಳು, ಒನಕೆ ಎತ್ತಿಕೊಂಡು ಹೋಗುವಾಗ ನಮ್ಮ ತಾತನ ಎದುರು ಒಂದು ಗಳಿಗೆ ನಿಂತು "ಇಂಕೇಮುಂದಿ ಪಿಳ್ಳಪ್ಪಾ" ಅಂದಳು. ಇನ್ನೇನುಳಿದಿದೆ ಅಂತ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಮನೆಗಳೆಲ್ಲ ಹೋದ ಮೇಲೆ ಕೋಟೆಯ ಗೋಡೆ ಬರಿಮೈಯಲ್ಲಿ ನಿಂತಿತು. ಅದರ ಮೇಲೆ ಏಳು ಅಡುಗೆಮನೆಗಳ ಮಸಿ, ಏಳು ದೀಪದ ಗೂಡುಗಳು, ಅಮ್ಮ ನನ್ನ ಎತ್ತರ ನೋಡಲು ಗೀಚುತ್ತಿದ್ದ ಸುಣ್ಣದ ಗೆರೆಗಳು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ನಮ್ಮ ಮನೆಯೊಳಗನ್ನು ಪರರೆಲ್ಲ ನೋಡುವುದನ್ನು ಅಜ್ಜಿ ತಡೆಯಲಾರದೆ ಹೋದಳು; ಆ ಕಡೆಗೆ ಮುಖ ಹಾಕುವುದನ್ನೇ ಬಿಟ್ಟಳು.

ಚಿಕ್ಕಪ್ಪ ನಮ್ಮ ಜೊತೆ ರಸ್ತೆಯ ಆಚೆಗೆ ಬರಲಿಲ್ಲ. ಹೆಂಡತಿಯ ತವರು ಮುರುಗಮಲ್ಲ. ಅಲ್ಲಿ ಮಾವ ದರ್ಗಾಕ್ಕೆ ಬರುವವರಿಗೆ ಹೂವು, ಸಕ್ಕರೆ, ಊದುಬತ್ತಿ ಮಾರುವ ಅಂಗಡಿ ಇಟ್ಟಿದ್ದರು. ಅಲ್ಲಿಗೇ ಹೋಗಿಬಿಟ್ಟ. ಹೋಗುವಾಗ ಅಜ್ಜಿಯ ಕಾಲಿಗೆ ಬಿದ್ದ, ತಾತನ ಕಡೆ ತಿರುಗಲಿಲ್ಲ. ಮಾರನೇ ವರ್ಷ ಯುಗಾದಿ ಕಳೆದ ಮೇಲೆ ತಾತ ಹೊಸ ಮನೆಯ ಮುಂದೆ ಮಣ್ಣು ಹದ ಮಾಡಿದ. ಎಂಟು ದಿನ ಕಳೆದ ಮೇಲೆ ಮಂಕರಿಯಲ್ಲಿ ತುಂಬಿಕೊಂಡು ಗೋಡೆಯ ಹತ್ತಿರ ಹೋದ, ನಾನೂ ಹಿಂದೆ ಹೋದೆ. ಇಲಾಖೆಯವರು ಇಟ್ಟಿದ್ದ ಕಾವಲುಗಾರ ಓಡಿ ಬಂದು, ತಾತ, ಮುಟ್ಟಂಗಿಲ್ಲ ಅಂದ. ಅವನೂ ಮೆತ್ತನೆಯ ಮನುಷ್ಯನೇ, ಗದರಲಿಲ್ಲ. ತಾತ ಅವನ ಮುಖವನ್ನೇ ನೋಡಿ, "ಮುಟ್ದಲೆ ಹೆಂಗಪ್ಪಾ ಕಾಪಾಡ್ತೀರಾ?" ಅಂತ ಕೇಳಿದ. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಮಣ್ಣನ್ನು ವಾಪಸ್ಸು ಹೊತ್ತು ತಂದೆವು. ಅದು ಅಂಗಳದಲ್ಲಿ ಒಣಗಿ ಕಲ್ಲಾಯಿತು. ತಾತ ಆಮೇಲೆ ಯಾರಿಗೂ ಕೋಟೆಯ ಕಥೆ ಹೇಳಲಿಲ್ಲ. ಕೇಳಲು ಬಂದವರಿಗೆ ನನಗೇನೂ ಗೊತ್ತಿಲ್ಲಪ್ಪ ಅನ್ನುತ್ತಿದ್ದ. ಅಷ್ಟು ಮಾತಿನ ಮನುಷ್ಯ ಮಾತು ಬಿಟ್ಟ, ಆಮೇಲೆ ಊಟ ಬಿಟ್ಟ, ನನಗೆ ಹನ್ನೆರಡು ತುಂಬಿದ ವರ್ಷ ಹಾಸಿಗೆ ಹಿಡಿದ. ಶಾಲೆ ಬಿಟ್ಟ ಮೇಲೆ ಗಂಜಿ ಕುಡಿಸುವ ಕೆಲಸ ನನ್ನದು. ಎರಡು ತಿಂಗಳು ದಿನಾ ಅವನ ಪಕ್ಕ ಕೂತೆ. ದಿನಾ ಹೇಳಬೇಕು ಅಂದುಕೊಂಡೆ, ನಾಳೆ ಹೇಳೋಣ ಅಂದುಕೊಂಡೆ. ಒಂದು ದಿನ ಮಧ್ಯಾಹ್ನ ಶಾಲೆಯಿಂದ ಬರುವಷ್ಟರಲ್ಲಿ ಮನೆ ಮುಂದೆ ಜನ ಸೇರಿದ್ದರು.

ತಾತನ ಮಣ್ಣಿಗೆ ಚಿಕ್ಕಪ್ಪ ಬಂದ. ಬಂದು ಹುಣಸೆಮರದ ಕೆಳಗೆ, ಅಷ್ಟು ದೂರದಲ್ಲಿ, ನೆಂಟನ ಹಾಗೆ ನಿಂತ. ಹೆಣ ಎತ್ತುವಾಗ ಎಲ್ಲರೂ ಕರೆದರು. ಅಪ್ಪ ಹೋಗಿ ಕೈ ಹಿಡಿದು ಎಳೆದ. ಚಿಕ್ಕಪ್ಪ ಕೈ ಬಿಡಿಸಿಕೊಂಡ. ಅವನು ಹೆಗಲು ಕೊಡಬೇಕಿದ್ದ ಕಡೆಗೆ ಮುನೆಕ್ಕನ ಮಗ ಬಂದು ನಿಂತ. ಕಿರಿಯ ಮಗನಿದ್ದೂ ತಾತ ಪರರ ಹೆಗಲ ಮೇಲೆ ಹೋದ. ಆಗಲಾದರೂ ನಾನು ಕಿರುಚಬಹುದಾಗಿತ್ತು. ಅಷ್ಟು ಜನ ಅಳುತ್ತಿದ್ದರು, ಒಂದು ಕಿರುಚಾಟ ಹೆಚ್ಚಾಗುತ್ತಿರಲಿಲ್ಲ. ನಾನು ಅಮ್ಮನ ಸೆರಗು ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಬದುಕು ಎಲ್ಲರ ಬದುಕಿನ ಹಾಗೆ ನಡೆಯಿತು. ಓದಿದೆ, ಕೆಲಸ ಸಿಕ್ಕಿತು, ಗೌರಿಬಿದನೂರಿಗೆ ಬಂದು ನೆಲೆನಿಂತೆ. ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು. ಚಿಕ್ಕಪ್ಪ ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದ, ಚೆನ್ನಾಗಿದೀಯೇನಮ್ಮ ಅನ್ನುತ್ತಿದ್ದ. ತಾತನ ಹೆಸರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಮಕ್ಕಳಿಗೆ ವರ್ಷವೂ ಕೋಟೆಗಳ ಪಾಠ ಮಾಡಿದೆ. ಒಂದು ಸಲ ಪ್ರವಾಸಕ್ಕೆ ಕರಾವಳಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಕೋಟೆ, ಮೂರು ಕಡೆ ಸಮುದ್ರ, ಅಲೆ ಬಂದು ಗೋಡೆಗೆ ಬಡಿಯುತ್ತಿತ್ತು. ಬಾಗಿಲಲ್ಲಿ ಅದೇ ನೀಲಿ ಹಲಗೆ, ಅದೇ ಬಿಳಿ ಅಕ್ಷರ. ಒಳಗೆ ಹುಲ್ಲು ಕತ್ತರಿಸಿ ಅಚ್ಚುಕಟ್ಟಾಗಿ ಇಟ್ಟಿದ್ದರು, ಒಂದು ನರಪಿಳ್ಳೆ ಇರಲಿಲ್ಲ. ಒಂದು ಕಡೆ ಗೋಡೆಗೆ ಹೊಗೆ ಹಿಡಿದ ಕರೆ ಕಂಡಿತು. ಗೈಡು ಫಿರಂಗಿ, ಹಡಗು, ಮುತ್ತಿಗೆ ಎಲ್ಲ ಹೇಳಿದ. ಇಲ್ಲಿ ಯಾರ ಒಲೆ ಇತ್ತಪ್ಪ ಅಂತ ಕೇಳಿದೆ. ಅದು ಚರಿತ್ರೆಯಲ್ಲಿ ಇಲ್ಲ ಮೇಡಂ ಅಂದ. ಇಲ್ಲ, ನಿಜ. ನಾನು ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಪುಸ್ತಕದಲ್ಲೂ ಇರಲಿಲ್ಲ.

ಸ್ಕಂದಗಿರಿಯ ಆ ನಾಮಕರಣ ಆದ ವಾರಕ್ಕೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು, ಮಿಸ್ ನಿಮ್ಮೂರ ಕೋಟೆ ಬಿತ್ತಂತೆ ಅಂತ. ಭಾನುವಾರ ಹೋದೆ. ಎರಡು ದಿನ ಸುರಿದ ಮಳೆಗೆ ಪೂರ್ವದ ಗೋಡೆ ನಡುವಿನಿಂದ ಕುಸಿದಿತ್ತು. ಐವತ್ತು ವರ್ಷ ಯಾರ ಕೈಯೂ ತಾಗದೆ ಒಳಗೊಳಗೇ ನೀರು ಕುಡಿದು ನಿಂತಿದ್ದು ಇನ್ನೆಷ್ಟು ದಿನ ನಿಂತೀತು? ಸುತ್ತ ತಂತಿಬೇಲಿ ಭದ್ರವಾಗಿತ್ತು, ಬೀಗ ಹಾಕಿತ್ತು. ಬೇಲಿಯಾಚೆ ನಮ್ಮ ಅಡುಗೆಮನೆಯಿದ್ದ ಜಾಗದಲ್ಲಿ ಒಂದಾಳೆತ್ತರ ಕೆಂಪು ಮಣ್ಣಿನ ರಾಶಿ. ಕಿಂಡಿ ಎಲ್ಲಿತ್ತು ಅಂತ ಗುರುತು ಹಿಡಿಯಲೂ ಆಗಲಿಲ್ಲ. ಇನ್ನು ಸುಮ್ಮನಿರುವುದಕ್ಕೆ ನನಗೆ ಏನೂ ಉಳಿದಿಲ್ಲ ಅನ್ನಿಸಿತು. ಅಲ್ಲಿಂದಲೇ ಬಸ್ಸು ಹಿಡಿದು, ಚಿಂತಾಮಣಿಯಲ್ಲಿ ಇಳಿದು ಬಸ್ಸು ಬದಲಿಸಿ, ಮುರುಗಮಲ್ಲಕ್ಕೆ ಹೋದೆ.

ಚಿಕ್ಕಪ್ಪ ಅಂಗಡಿಯಲ್ಲೇ ಇದ್ದ. ಎಪ್ಪತ್ತೈದರ ಹತ್ತಿರ, ತಲೆ ಪೂರ್ತಿ ಬೆಳ್ಳಗೆ, ಪಕ್ಕದಿಂದ ನೋಡಿದರೆ ತಾತನೇ. ಚಿಕ್ಕಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ನನ್ನನ್ನು ನೋಡಿ ಸ್ಟೂಲು ಹಾಕಿದ, ಎದುರಿನ ಹೋಟೆಲಿನಿಂದ ಟೀ ತರಿಸಿದ. ಗೋಡೆ ಬಿದ್ದ ಸುದ್ದಿ ಹೇಳಿದೆ. ಬೀಳಲಿ ಬಿಡು ಅಂದ. ಆಮೇಲೆ ನಾನು ಟೀ ಲೋಟ ಕೆಳಗಿಟ್ಟು, ಬೇಸಿಗೆ ರಜೆ, ಕನ್ನಡಕದ ಸಾಹೇಬರು, ಉಪ್ಪಿನ ಭರಣಿ, ಬಾಗಿಲ ಸಂದಿ ಎಲ್ಲ ಹೇಳಿದೆ. ತಾತ ಯಾರಿಗೂ ಹೇಳಿರಲಿಲ್ಲ ಚಿಕ್ಕಪ್ಪ, ತೋರಿಸಿದವಳು ನಾನು ಅಂದೆ. ಅವನು ಸಕ್ಕರೆಯ ಪೊಟ್ಟಣಗಳಿಗೆ ದಾರ ಸುತ್ತುತ್ತಿದ್ದ. ಕೈ ನಿಲ್ಲಲಿಲ್ಲ. ಮೂರು ಪೊಟ್ಟಣ ಕಟ್ಟಿದ ಮೇಲೆ, ಆಗ ನಿಂಗೆಷ್ಟು ವರ್ಷ ಅಂತ ಕೇಳಿದ. ಒಂಬತ್ತು ಅಂದೆ. ಒಂಬತ್ತು ವರ್ಷದ ಮಗೀನ ಮೇಲೆ ಯಾರು ಕೋಪ ಮಾಡ್ಕೋತಾರೆ ಅಂದ. ನನಗೆ ಅಳು ಬಂತು, ಹಗುರವಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವನು ದಾರ ಕೆಳಗಿಟ್ಟ.

"ಅಪ್ಪ ಹೋದಾಗ ಹನ್ನೆರಡು ಆಗಿತ್ತಲ್ಲಮ್ಮ ನಿಂಗೆ," ಅಂದ. "ಹನ್ನೆರಡಕ್ಕೆ ಬಾಯಿ ಇತ್ತಲ್ಲ."

ಇತ್ತು. ಇತ್ತು ಅಂದೆ. ಅವನು ಬೈಯಲಿಲ್ಲ. ಎದ್ದು ಹೋಗು ಅನ್ನಲಿಲ್ಲ. ಬಹಳ ಹೊತ್ತು ತನ್ನ ಬಲಗಡೆಯ ಹೆಗಲನ್ನು ಎಡಗೈಯಿಂದ ಉಜ್ಜಿಕೊಳ್ಳುತ್ತ ಕೂತಿದ್ದ, ಅಲ್ಲಿ ಏನೋ ನೋವಿದ್ದ ಹಾಗೆ. ಆಮೇಲೆ, ನನ್ನ ಕಡೆ ನೋಡದೆ, ಸಣ್ಣ ದನಿಯಲ್ಲಿ ಕೇಳಿದ: "ನನ್ನ ಕೇಳ್ತಿದ್ನಾ, ಅಪ್ಪ?"

ಇಲ್ಲ ಅಂದುಬಿಡಬಹುದಾಗಿತ್ತು. ಕೊನೆಗಾಲದಲ್ಲಿ ತಾತನಿಗೆ ಯಾರ ಜ್ಞಾಪಕವೂ ಇರಲಿಲ್ಲ ಅಂತ ಒಂದು ಸುಳ್ಳು ಹೇಳಿದ್ದರೆ ಚಿಕ್ಕಪ್ಪ ನೆಮ್ಮದಿಯಾಗಿ ಇರುತ್ತಿದ್ದನೋ ಏನೋ. ಆದರೆ ಬಾಯಿ ಮುಚ್ಚಿಕೊಂಡು ಒಬ್ಬನನ್ನು ಕೊಂದಾಗಿತ್ತು.

"ದಿನಾ ಕೇಳ್ತಿದ್ದ ಚಿಕ್ಕಪ್ಪ," ಅಂದೆ. "ರೋಡಲ್ಲಿ ಬಸ್ ನಿಂತಾಗೆಲ್ಲ, ನಾರಾಯಣಿ ಇಳಿದ್ನಾ ನೋಡು ಅಂತಿದ್ದ. ನಾನು ಎದ್ದು ಹೋಗಿ ನೋಡಿ ಬರ್ತಿದ್ದೆ."

ಚಿಕ್ಕಪ್ಪ ಕೂತಲ್ಲೇ ಗೋಡೆಯ ಕಡೆ ತಿರುಗಿದ. ಬೆನ್ನು ಅಲುಗುತ್ತಿತ್ತು, ಸದ್ದಿರಲಿಲ್ಲ. ನನಗೆ ಅವನನ್ನು ಮುಟ್ಟುವ ಧೈರ್ಯ ಬರಲಿಲ್ಲ. ಆ ಹೊತ್ತಿಗೆ ಬಸ್ಸೊಂದು ಬಂದು ನಿಂತು ಜನ ಇಳಿದರು. ಮಗುವನ್ನು ಕಂಕುಳಲ್ಲಿಟ್ಟುಕೊಂಡ ಒಬ್ಬ ಹೆಂಗಸು ಅಂಗಡಿಗೆ ಬಂದು ಹೂವು, ಊದುಬತ್ತಿ ಕೇಳಿದಳು. ನಾನು ಎದ್ದು ಹೂವು ತೆಗೆದುಕೊಟ್ಟೆ. ಊದುಬತ್ತಿ ಎಲ್ಲಿಟ್ಟಿದ್ದಾನೋ ಗೊತ್ತಾಗದೆ ಹುಡುಕುತ್ತಿದ್ದಾಗ, ಚಿಕ್ಕಪ್ಪ ತಿರುಗದೆಯೇ ಕೈ ಹಿಂದಕ್ಕೆ ಚಾಚಿ ಮೇಲಿನ ಹಲಗೆಯನ್ನು ತೋರಿಸಿದ. ಕೊಟ್ಟು ಕಳಿಸಿದೆ. ಅವಳ ಹಿಂದೆ ಇನ್ನಷ್ಟು ಜನ ಬಂದರು. ಸಂಜೆಯವರೆಗೂ ಹೂವು ಕೊಡುತ್ತ ನಿಂತಿದ್ದೆ, ಅವನು ತಿರುಗಲೇ ಇಲ್ಲ.